ತಿಮ್ಮ ಮುರಿಯದ ಕೈ

ನನ್ನ ಅಮ್ಮನ ಬಲಗೈ ಮುರಿದವನು ತಿಮ್ಮ ಅಲ್ಲ. ನಾನು. ನಮ್ಮದೇ ಮನೆಯ ಜಗಲಿಯಲ್ಲಿ, ಹಾಡುಹಗಲು, ಪೈಪು ತಿರುಗಿಸುವ ಕಬ್ಬಿಣದ ಪಾನಾದಿಂದ ಹೊಡೆದು ಮುರಿದೆ. ಆ ಹೊಡೆತ ನನ್ನ ಹೆಂಡತಿಗೆ ಬೀಳಬೇಕಿತ್ತು — ‘ಬೀಳಬೇಕಿತ್ತು’ ಎಂದು ಬರೆಯುವಾಗಲೇ ನೋಡಿ, ಹೇಗೆ ನುಣುಚಿಕೊಳ್ಳುತ್ತಿದ್ದೇನೆ. ಹೆಂಡತಿಯ ತಲೆಗೆ ಗುರಿಯಿಟ್ಟು ಬೀಸಿದೆ. ನಡುವೆ ಅಮ್ಮ ಬಂದಳು.

ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಈಗ ಇದನ್ನು ಬರೆಯುತ್ತಿರುವುದು ಮಹಿಳಾ ಮಂಡಳದವರು ನನ್ನ ಬಳಿ ಬೇರೇನನ್ನೋ ಕೇಳಿದ್ದರಿಂದ. ಅಮ್ಮ ಭಾಗೀರಥಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವಳ ನೆನಪಿಗೊಂದು ಪುಸ್ತಕ ತರುತ್ತಿದ್ದಾರೆ. ಮಗನಾಗಿ ಎರಡು ಪುಟ ಬರೆದುಕೊಡಿ ಎಂದರು. ಬರೆದಿದ್ದೆ ಕೂಡ. ತಾಯಿಯ ಮಡಿಲು, ಸೇವೆ, ತ್ಯಾಗ — ಓದಿದವರ ಕಣ್ಣು ಒದ್ದೆಯಾಗುವ ಹಾಗೇ ಇತ್ತು. ಹರಿದು ಒಲೆಗೆ ಹಾಕಿದೆ.

ಸಿದ್ದಾಪುರ, ಶಿರಸಿ, ಯಲ್ಲಾಪುರ — ಮೂರೂ ತಾಲೂಕಿನ ಹೆಂಗಸರು ಅಮ್ಮನನ್ನು ಬಲ್ಲರು. ಅವಳಿಗೆ ಹುದ್ದೆ ಇರಲಿಲ್ಲ, ಸಂಬಳ ಇರಲಿಲ್ಲ. ಇದ್ದದ್ದು ಒಂದು ಬಟ್ಟೆ ಚೀಲ. ಅದರಲ್ಲಿ ಬಾಚಣಿಗೆ, ತೆಂಗಿನೆಣ್ಣೆಯ ಶೀಸೆ, ಒಗೆದು ಮಡಿಸಿದ ಹಳೆಯ ಸೀರೆ, ಗಂಜಿಗೆ ಬೇಕೆಂದು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ. ಯಾವಳೋ ಹೆಂಗಸು ಗಂಡನ ಕೈಯಲ್ಲಿ ಪೆಟ್ಟು ತಿಂದು ಆಸ್ಪತ್ರೆ ಸೇರಿದಳೆಂದು ಸುದ್ದಿ ಬಂದರೆ ನಿಲ್ಕುಂದದ ಕಡೆಯ ನಮ್ಮೂರಿನಿಂದ ಮೊದಲ ಬಸ್ಸಿಗೆ ಹೊರಟಳೆಂದೇ. ಹೋದವಳು ಮೊದಲು ಏನನ್ನೂ ಕೇಳುತ್ತಿರಲಿಲ್ಲ. ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ಜಡೆ ಮುಗಿಯುವ ಹೊತ್ತಿಗೆ, ಅವಳ ಕಿವಿಗೆ ಮಾತ್ರ ಕೇಳುವ ಹಾಗೆ, “ಬಿದ್ದೆ ಹೇಳಡ ಕೂಸೆ. ಡಾಕ್ಟ್ರ ಹತ್ರ ಬಿದ್ದೆ ಹೇಳಿ ಬರೆಸಿರೆ ನಾಳೆ ಮತ್ತೂ ಬೀಳ್ತೆ” ಎನ್ನುತ್ತಿದ್ದಳು — ಬಿದ್ದೆ ಎನ್ನಬೇಡ ಎಂದು.

ಅವಳ ಅಕ್ಕನನ್ನು ಮನ್ಮನೆ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಆ ಅಕ್ಕ ಒಂದು ದಿನ ಬಾವಿಗೆ ‘ಬಿದ್ದಳು’. ಎಲ್ಲರೂ ಬಿದ್ದಳು ಎಂದರು, ಅವರ ಅಪ್ಪ, ನನ್ನ ಅಜ್ಜನೂ, ಬಿದ್ದಳು ಎಂದು ಪೊಲೀಸರಿಗೆ ಹೆಬ್ಬೆರಳೊತ್ತಿ ಕೊಟ್ಟ. ಅಮ್ಮನಿಗೆ ಆಗ ಹದಿನಾರು. ಆಮೇಲೆ ಯಾವ ಹೆಂಗಸು ‘ಬಿದ್ದೆ’ ಎಂದರೂ ಅವಳು ನಂಬಲಿಲ್ಲ, ನಂಬಬಾರದೆಂದು ಊರಿನ ಹೆಂಗಸರಿಗೆಲ್ಲ ಪಾಠ ಹೇಳಿದಳು.

ನಮ್ಮ ಕಡೆ ಮನೆಗಳು ಒಂದರ ಮಗ್ಗುಲಿಗೊಂದು ಇಲ್ಲ. ಒಂದು ಮನೆ, ಆಮೇಲೆ ಹಳ್ಳ, ಗದ್ದೆ, ಅಷ್ಟು ಕಾಡು, ಆಮೇಲೆ ಇನ್ನೊಂದು ಮನೆ. ಒಳಗೆ ಕೊಂದರೂ ಆಚೆಮನೆಗೆ ಕೇಳದು. ಮೊಬೈಲಿಗೆ ಸಿಗ್ನಲ್ಲು ಬೇಕಾದರೆ ಗುಡ್ಡ ಹತ್ತಬೇಕು. ಆದರೆ ಅಂಗಳದ ತುದಿಯಲ್ಲಿ ನಿಂತು ‘ಕೂ...’ ಎಂದು ಎಳೆದು ಕೂಗುವುದು ನಮಗೆಲ್ಲ ಹುಟ್ಟಿನಿಂದ ಅಭ್ಯಾಸ — ಗದ್ದೆಯಲ್ಲಿದ್ದವರನ್ನು ಊಟಕ್ಕೆ ಕರೆಯಲು, ತಪ್ಪಿಸಿಕೊಂಡ ದನ ಕಂಡಿತೆಂದು ಹೇಳಲು. ಅಮ್ಮ ಅದನ್ನೇ ಹಿಡಿದು ಒಂದು ಕಟ್ಟು ಮಾಡಿದಳು. ಪೆಟ್ಟು ತಿನ್ನುವವಳು ಹೇಗಾದರೂ ಅಂಗಳಕ್ಕೆ ಬಂದು ಮೂರು ಸಲ ಕೂ ಹಾಕಬೇಕು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು. ನಮ್ಮ ಮನೆ ದಿಬ್ಬದ ಮೇಲಿದ್ದುದರಿಂದ ಯಾವ ಮೂಲೆಯ ಕೂಗೂ ಮೊದಲು ಅಮ್ಮನಿಗೆ ಮುಟ್ಟುತ್ತಿತ್ತು. ಅವಳು ನಮ್ಮ ಅಂಗಳದಿಂದ ಅದನ್ನೇ ಮೂರು ಸಲ ಕೂಗಿ ಊರಿಗೆಲ್ಲ ದಾಟಿಸುತ್ತಿದ್ದಳು. ಹಾಗಾಗಿ ನಮ್ಮ ಅಂಗಳದಿಂದ ಕೂ ಕೇಳಿತೆಂದರೆ ಅರ್ಥ ಒಂದೇ: ಬೇರೆ ಯಾರದೋ ಮನೆಯಲ್ಲಿ ಗಲಾಟೆ, ಭಾಗೀರಥಮ್ಮನಿಗೆ ಕೇಳಿದೆ. ಆ ‘ಬೇರೆ ಯಾರದೋ’ ಮನೆ ಹೆಚ್ಚಿನ ಸಲ ಹಳ್ಳದಾಚೆಗಿನ ತಿಮ್ಮನದು. ಕುಡಿದರೆ ತಿಮ್ಮ ಹೆಂಡತಿಗೆ ಹೊಡೆಯುತ್ತಿದ್ದ. ಅದು ಸುಳ್ಳಲ್ಲ.

ನಾನು ಕುಡಿಯುವವನಲ್ಲ. ಇದನ್ನು ದೊಡ್ಡ ಹೆಚ್ಚುಗಾರಿಕೆಯೆಂದು ಹೇಳಿಕೊಂಡು ತಿರುಗುತ್ತಿದ್ದೆ. ಸಿದ್ದಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ನನ್ನದು. ಗಣಪತಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಗಿರಾಕಿಗಳು ನಗುತ್ತಿದ್ದರು, ನಾನೂ ಜೊತೆಗೆ ನಗುತ್ತಿದ್ದೆ. ಹೆಂಡತಿ ಶೈಲಾಳ ಮೇಲೆ ಕೈ ಮಾಡಿದ್ದು ಆ ದಿನವೇ ಮೊದಲಲ್ಲ. ಈ ಬರಹದಲ್ಲಿ ‘ಅದಕ್ಕೆ ಮೊದಲು ಒಂದೆರಡು ಸಲ’ ಎಂದು ಬರೆದಿದ್ದೆ. ಶೈಲಾ ಓದಿದಳು. ಪೆನ್ನು ಇಸಿದುಕೊಂಡು ಅದನ್ನು ಹೊಡೆದುಹಾಕಿ ‘ಏಳು ಸಲ’ ಎಂದು ಬರೆದು ಕಾಗದ ತಿರುಗಿ ಕೊಟ್ಟಳು. ಏಳು ಸಲ. ಒಮ್ಮೆ ತುಟಿ ಒಡೆದು ಬಾತುಕೊಂಡಿತ್ತು. ಅಮ್ಮ ಕೇಳಿದ್ದಕ್ಕೆ, “ಬಚ್ಚಲಲ್ಲಿ ಬಿದ್ದೆ ಅತ್ತೆ” ಎಂದಳು. ಮೂರು ತಾಲೂಕಿನ ಹೆಂಗಸರ ‘ಬಿದ್ದೆ’ಯನ್ನು ನಂಬದ ಅಮ್ಮ ತನ್ನ ಮನೆಯದನ್ನು ನಂಬಿದಳು. ನಂಬಿದಳೋ, ನಂಬಬೇಕೆಂದು ಹಟ ಮಾಡಿದಳೋ... ನಾನು ಹೇಳಲಾರೆ. ಮರುದಿನವೇ ಕೂತು ಬಚ್ಚಲಿನ ಹಾವಸೆಯನ್ನೆಲ್ಲ ತಿಕ್ಕಿ ತೆಗೆದಳು.

ಆ ದಿನ ಅಮ್ಮನೂ ಶೈಲಾಳೂ ಶಿರಸಿಯಿಂದ ಮಧ್ಯಾಹ್ನ ಮೂರೂವರೆಯ ಬಸ್ಸಿಗೆ ಮನೆಗೆ ಬಂದಿದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಕಾಲು ಸುಟ್ಟ ಯಾವಳೋ ಹುಡುಗಿಯನ್ನು ನೋಡಿಕೊಂಡಿದ್ದರು. ಆ ಎರಡು ದಿನ ಅನ್ನ ನಾನೇ ಬೇಯಿಸಿಕೊಂಡಿದ್ದೆ. ಆ ಬೆಳಿಗ್ಗೆ ಅಂಗಡಿಯೆದುರಿನ ಹೋಟೆಲಿನಲ್ಲಿ ನಮ್ಮೂರಿನ ಸುಬ್ರಾಯ ಚಾ ಕುಡಿಯುತ್ತ, ಎಲ್ಲರಿಗೂ ಕೇಳುವ ಹಾಗೆ, “ಗಣಪತಿ, ನಿಂಗಳ ಮನೆ ಹೆಂಗಸ್ರು ಊರ ಗಂಡಸ್ರನ್ನೆಲ್ಲ ಸರಿ ಮಾಡ್ತ. ನಿನ್ನ ಮಾತ್ರ ಅಡಿಗೆ ಭಟ್ಟ ಮಾಡಿಟ್ಟಿದ್ದ ನೋಡು!” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಕಿವಿಯಲ್ಲಿಟ್ಟುಕೊಂಡೇ ನಾಲ್ಕು ಗಂಟೆಗೆ ಮನೆಗೆ ಬಂದೆ. ನಮ್ಮ ಬಾವಿಯ ಪಂಪು ಬಿಚ್ಚಲಿಕ್ಕಿತ್ತು, ಹಾಗಾಗಿ ಕೈಯಲ್ಲಿ ಪಾನಾ ಇತ್ತು.

ಚಾ ಕೇಳಿದೆ. “ಈಗಷ್ಟೇ ಬಂದ್ಯ. ಒಂಚೂರು ತಡೀರಿ” ಎಂದಳು ಶೈಲಾ.

ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇದ್ದರೆ ಬರೆಯುತ್ತಿದ್ದೆ. ಅವಳ ತುರುಬು ಹಿಡಿದೆ. ಹಣೆಯನ್ನು ಕಂಬಕ್ಕೆ ಚಚ್ಚಿದೆ, ಒಂದು ಸಲ, ಮತ್ತೊಂದು ಸಲ. ಬಿದ್ದವಳು ಏಳುತ್ತಿದ್ದಾಗ ಪಾನಾ ಎತ್ತಿದೆ. ಅಮ್ಮ ಒಳಗಿನಿಂದ ಓಡಿಬಂದು — ಬೇರೆಯವರ ಎಷ್ಟೋ ಜಗಲಿಗಳಲ್ಲಿ ಹೇಗೆ ನಿಂತಿದ್ದಳೋ ಹಾಗೆಯೇ — ಎರಡೂ ಕೈ ಚಾಚಿ ನಡುವೆ ನಿಂತಳು. ನಾನು ಅವಳನ್ನು ನೋಡಿದೆ. ಕಾಣಲಿಲ್ಲ ಎಂದುಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕಂಡಿತು. ಇವಳು ಅಮ್ಮ ಎಂದು ಗೊತ್ತಾಯಿತು. ಕೈ ತಡೆಯುವಷ್ಟು ಹೊತ್ತು ಇತ್ತು. ತಡೆಯಲಿಲ್ಲ.

ಒಣಕಟ್ಟಿಗೆ ಮುರಿದಂಥ ಸದ್ದು ಬಂತು. ಮೊಳಕೈಯ ಕೆಳಗೆ ಚರ್ಮ ಹರಿದು ಬಿಳಿಯ ಮೂಳೆ ಹೊರಗೆ ಬಂದಿತ್ತು, ಆಮೇಲೆ ರಕ್ತ. ಅಮ್ಮ ಕೂಗಲಿಲ್ಲ. “ತಮಾ” ಎಂದಳು, ನಾನು ಸಣ್ಣವನಿದ್ದಾಗ ಕರೆಯುತ್ತಿದ್ದ ಹಾಗೆ. ಶೈಲಾ ಹಣೆಯ ರಕ್ತ ಒರೆಸಿಕೊಳ್ಳುತ್ತ ಅಂಗಳದ ತುದಿಗೆ ಓಡಿ ಮೂರು ಸಲ ಕೂ ಹಾಕಿದಳು. ನಾನು ಪಾನಾ ಬಿಸಾಕಿ ಓಡಿದೆ.

ಎಲ್ಲಿಗೆ ಓಡುತ್ತಿದ್ದೆನೋ... ಹಳ್ಳ ದಾಟಲು ಹಾಕಿದ ಸಂಕದ ಹತ್ತಿರ ಜನ ಸಿಕ್ಕರು. ಹತ್ತು ಹನ್ನೆರಡು ಮಂದಿ, ಮುಂದೆ ಸುಬ್ರಾಯ. ಕೈಯಲ್ಲಿ ದೊಣ್ಣೆ, ಗೂಟ, ಸಿಕ್ಕಿದ್ದು. “ಅಮ್ಮ ಕೂ ಹಾಕಿದ್ದು ಕೇಳ್ಚು. ಬಾರಾ ಬೇಗ, ತಿಮ್ಮಂದೇ ಕತೆ ಇದು!” ಎಂದ. ಹೆಂಗಸಿನ ದನಿ, ನಮ್ಮ ಅಂಗಳದಿಂದ ಬಂದದ್ದು — ಅವರಿಗೆ ಅಷ್ಟೇ ಸಾಕಾಗಿತ್ತು. ಪೆಟ್ಟು ಬೀಳುತ್ತಿರುವುದು ಭಾಗೀರಥಮ್ಮನ ಮನೆಯಲ್ಲೇ ಎಂದು ಯಾರ ತಲೆಗಾದರೂ ಹೇಗೆ ಹೊಳೆಯಬೇಕು? ನಾನು ‘ನಮ್ಮನೆಯಲ್ಲಿ’ ಎಂಬ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳದೆ ಅವರ ಜೊತೆ ಸಂಕ ದಾಟಿದೆ.

ತಿಮ್ಮ ಕುಡಿದು ಜಗಲಿಯಲ್ಲಿ ಅಂಗಾತ ಬಿದ್ದಿದ್ದ. ಅವನ ಹೆಂಡತಿ ಮಗಳನ್ನು ಕರೆದುಕೊಂಡು ನಾಲ್ಕು ದಿನದ ಹಿಂದೆಯೇ ಎಕ್ಕಂಬಿಯ ತವರಿಗೆ ಹೋಗಿದ್ದಳು. ಅದು ನಮಗಾರಿಗೂ ಗೊತ್ತಿರಲಿಲ್ಲ. ಅವಳೆಲ್ಲಿ, ಏನು ಮಾಡಿ ಹಾಕಿದೆ ಎಂದು ಕೇಳಿದರು. ಅವನಿಗೆ ನಾಲಿಗೆ ಹೊರಳಲಿಲ್ಲ. ಕಾಲು ಹಿಡಿದು ಅಂಗಳಕ್ಕೆ ಎಳೆದರು. ದೊಣ್ಣೆಯಿಂದ ಬೆನ್ನಿಗೆ, ಮೊಣಕಾಲಿಗೆ ಬಾರಿಸಿದರು. ಎರಡು ಹಲ್ಲು ಮುರಿದು ಮಣ್ಣಿನಲ್ಲಿ ಬಿದ್ದವು. ಎಡಗಿವಿಯಿಂದ ರಕ್ತ ಬಂತು. ಆ ಕಿವಿ ಇವತ್ತಿಗೂ ಕೇಳುವುದಿಲ್ಲ. ಅಲ್ಲಿಗೆ ಒದ್ದ ಕಾಲು ನನ್ನದು. ಎಲ್ಲರಿಗಿಂತ ಹೆಚ್ಚು ಹೊಡೆದವನು ನಾನೇ — ಹೊಡೆದಷ್ಟೂ ಹಗುರಾಗುತ್ತಿತ್ತು... ಇಲ್ಲ, ಸುಖವಾಗುತ್ತಿತ್ತು. ಪ್ರತಿ ಒದೆತಕ್ಕೂ ನನ್ನದು ಅವನದಾಗುತ್ತಿದೆ ಎನಿಸುತ್ತಿತ್ತು. ಕೊನೆಗೆ ಸುಬ್ರಾಯನೇ ನನ್ನ ಸೊಂಟಕ್ಕೆ ಕೈಹಾಕಿ ಎಳೆದು, “ಸಾಕು ಬಿಡಾ, ಸತ್ತೋಗ್ತ ಅಂವ” ಎಂದ.

ತಿರುಗಿ ಬರುವಾಗ ಸಂಕದ ಮೇಲೆ ಅಮ್ಮ ಎದುರಾದಳು. ಮುರಿದ ಕೈಗೆ ಸೀರೆ ಸುತ್ತಿ, ಶೈಲಾಳ ಭುಜ ಹಿಡಿದು ಬರುತ್ತಿದ್ದಳು. ತಿಮ್ಮನ ಕೂಗಾಟ ಅವಳಿಗೆ ಕೇಳಿತ್ತು, ಬಿಡಿಸಲು ಹೊರಟಿದ್ದಳು. ಅಂಥ ಕೈಯಲ್ಲಿ. ಎಲ್ಲರೂ ಸುತ್ತುಗಟ್ಟಿ ಯಾರು ಮಾಡಿದ್ದು ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು, ನನ್ನ ಅಂಗಿಯ ಮೇಲಿನ ರಕ್ತ ನೋಡಿದಳು.

“ಯಾರೂ ಅಲ್ಲ. ಆನೇ ಬಿದ್ದೆ” ಎಂದಳು.

ಯಾರು ನಂಬುತ್ತಾರೆ? ನಂಬಬಾರದೆಂದು ಕಲಿಸಿದವಳೇ ಅವಳು. ಕೂ ಹಾಕಿ ಎಲ್ಲರಿಗಿಂತ ಮೊದಲು ತಿಮ್ಮನ ಮನೆಗೆ ಓಡಿದ್ದಾಳೆ, ಅವನು ದೊಣ್ಣೆ ಎತ್ತಿದ್ದಾನೆ, ತಡೆಯಲು ಹೋದ ಶೈಲಾಳ ಹಣೆಯನ್ನೂ ಒಡೆದಿದ್ದಾನೆ, ಇಬ್ಬರೂ ಹೇಗೋ ಮನೆ ಸೇರಿ ಕೈಗೆ ಸೀರೆ ಸುತ್ತಿ ಬಂದಿದ್ದಾರೆ, ಈಗ ಇವಳು ಅವನನ್ನು ಉಳಿಸಲು ಬಿದ್ದೆ ಎನ್ನುತ್ತಿದ್ದಾಳೆ. ಸಂಕದ ಮೇಲೆ ನಿಂತಲ್ಲೇ ಕತೆ ಕಟ್ಟಿ ಮುಗಿಯಿತು. ಅವನ ಹೆಂಡತಿ ತವರಿನಲ್ಲಿದ್ದಳೆಂದು ಆಮೇಲೆ ತಿಳಿದಾಗ, ಹಾಗಾದರೆ ಒಬ್ಬನೇ ಕುಡಿದು ರಂಪ ಮಾಡಿದ್ದು ಎಂದು ತಿದ್ದಿಕೊಂಡರು. ಅಮ್ಮ “ತಿಮ್ಮ ಹೊಡದ್ದಲ್ಲ” ಎಂದು ಹೇಳಿದಷ್ಟೂ ಅದು ಗಟ್ಟಿಯಾಯಿತು. ಎಂಥ ದೊಡ್ಡ ಮನಸ್ಸು ಎಂದರು. ತಿಮ್ಮನಿಗೆ ಎಚ್ಚರವಾದ ಮೇಲೆ ಅವನಿಗೂ ಅದನ್ನೇ ಹೇಳಿದರು. ಅವನಿಗೆ ಆ ಸಂಜೆಯದು ಒಂದೂ ನೆನಪಿರಲಿಲ್ಲ. ಅವನೂ ನಂಬಿದ.

ಶೈಲಾ ಯಾಕೆ ಬಾಯಿ ಬಿಡಲಿಲ್ಲ ಎಂದು ನೀವು ಕೇಳಬಹುದು. ಅವಳನ್ನು ಕೇಳಬೇಡಿ. ಅವಳು ಮೂರು ಸಲ ಕೂಗಿ ಹೇಳಿದ್ದಳು. ಊರು ಬೇರೆ ಕಡೆಗೆ ಓಡಿತು.

ಆ ಮೇಲೆ ನಾನು ಶೈಲಾಳ ಮೇಲೆ ಕೈ ಎತ್ತಿಲ್ಲ — ಇದನ್ನು ಬರೆಯಲೂ ನಾಚಿಕೆ, ಯಾರಿಗೋ ಉಪಕಾರ ಮಾಡಿದವನ ಹಾಗೆ. ಅಮ್ಮ ಮತ್ತೆ ಆಸ್ಪತ್ರೆಗಳಿಗೆ ಹೋಗಲಿಲ್ಲ. ಕೈ ನೆಟ್ಟಗಾಗಲಿಲ್ಲ, ಜಡೆ ಹೆಣೆಯಲು ಬರುವುದಿಲ್ಲ ಎಂದು ಜನರಿಗೆ ಹೇಳಿದಳು. ಬಿದ್ದೆ ಹೇಳಡ ಎನ್ನುವ ಬಾಯಿ ಅವಳಿಗೆ ಉಳಿದಿರಲಿಲ್ಲ, ಅದು ನಿಜವಾದ ಕಾರಣ. ಮಂಡಳದ ಸಭೆಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. ಈ ಹನ್ನೊಂದು ವರ್ಷಗಳಲ್ಲಿ ಎಷ್ಟು ಹೆಂಗಸ​ರು ಆ ಮಂಚಗಳ ಮೇಲೆ ಒಬ್ಬರೇ ಮಲಗಿ, ‘ಬಿದ್ದೆ’ ಎಂದು ಬರೆಸಿ, ಅದೇ ಮನೆಗೆ ಅದೇ ಗಂಡನ ಹಿಂದೆ ನಡೆದು ಹೋದರೋ. ಅದಕ್ಕೂ ನಾನೇ ಕಾರಣ.

ನನಗೆ ಅವಳು ಹೇಳಿದ್ದು ಒಂದೇ ಮಾತು. ಕೈಯ ಪಟ್ಟಿ ಬಿಚ್ಚಿದ ದಿನ ಹೇಳಿದಳು: “ತಿಮ್ಮಂಗೆ ಹೇಳು. ಆನು ಹೇಳಿರೆ ನೀ ತಪ್ಪಿಸ್ಕಂಡ ಹಂಗಾಗ್ತು. ನೀನೇ ಹೇಳವು.” ಎರಡನೆಯ ಸಲ ಎಷ್ಟೋ ವರ್ಷದ ನಂತರ ಕೇಳಿದಳು. ಮೂರನೆಯ ಸಲ ಕೊನೆಯ ಹಾಸಿಗೆಯಲ್ಲಿ, “ಹೇಳಿದ್ಯಾ?” ಎಂದು. ನಾಳೆ ಹೇಳುತ್ತೇನೆ ಎಂದೆ. ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅದಾಗಿ ಎರಡು ದಿನಕ್ಕೆ ಹೋದಳು.

ಅವಳ ಮೇಲೆ ನನಗೆ ಸಿಟ್ಟೂ ಇದೆ. ಬೇರೆ ಯಾರ ಮಗನಾಗಿದ್ದರೂ ಕುತ್ತಿಗೆಪಟ್ಟಿ ಹಿಡಿದು ಠಾಣೆಗೆ ನಡೆಸುತ್ತಿದ್ದಳು. ಅವಳ ಮಗನೆಂದು ನಾನು ಉಳಿದೆ, ಅಲ್ಲವೆಂದು ತಿಮ್ಮ ಕೆಟ್ಟ. ನೀವು ಪುಸ್ತಕದಲ್ಲಿ ಅವಳನ್ನು ದೇವರ ಪಕ್ಕ ಕೂರಿಸುತ್ತಿದ್ದೀರಿ, ಕೂರಿಸಿ. ಆದರೆ ಅವಳಲ್ಲೂ ಒಂದು ತಪ್ಪಿತ್ತು, ಅದರ ಹೆಸರು ಗಣಪತಿ.

ತಿಮ್ಮ ಆ ದಿನದಿಂದ ಕುಡಿಯಲಿಲ್ಲ. ಪೆಟ್ಟು ಬಿದ್ದು ಸರಿಯಾದ ಎಂದು ಊರು ಮೆಚ್ಚಿಕೊಂಡಿತು. ಒಳ್ಳೆಯದೇ ಆಯಿತಲ್ಲ ಎಂದು ನಾನೂ ಎಷ್ಟೋ ದಿನ ಅದನ್ನೇ ಹೊದ್ದು ಮಲಗಿದೆ. ಅವನು ಕರೆಯದೆ ನಮ್ಮ ಮನೆಗೆ ಬರುತ್ತಿದ್ದ. ಬೇಲಿ ಕಟ್ಟುತ್ತಿದ್ದ, ಕಟ್ಟಿಗೆ ಒಡೆಯುತ್ತಿದ್ದ, ನಮ್ಮ ಗದ್ದೆ ನಾಟಿ ಮುಗಿಯದೆ ತನ್ನ ಗದ್ದೆಗೆ ಇಳಿಯುತ್ತಿರಲಿಲ್ಲ. ಕೂಲಿ ಕೊಡಹೋದರೆ, “ಅಮ್ಮೋರ ಕೈ ನಾ ಮುರ್ದದ್ದು. ಆ ಕೈ ಮಾಡೂ ಕೆಲ್ಸ ನಾನೇ ಮಾಡ್ಬೇಕಲ್ರಾ” ಎನ್ನುತ್ತಿದ್ದ. ಅವನು ಬಂದರೆ ಅಮ್ಮ ಒಳಗೆ ಹೋಗಿಬಿಡುತ್ತಿದ್ದಳು, ಶೈಲಾಳ ಕೈಯಲ್ಲಿ ಕಾಫಿ ಕಳಿಸುತ್ತಿದ್ದಳು. ಅವಳಿಗೆ ತನ್ನ ಮೇಲೆ ಸಿಟ್ಟು ಇನ್ನೂ ಹೋಗಿಲ್ಲವೆಂದು ತಿಮ್ಮ ತಿಳಿದಿದ್ದ. ನಾನು ಹನ್ನೊಂದು ವರ್ಷ ಆ ಗದ್ದೆಯ ಅನ್ನ ಉಂಡೆ.

ಅಮ್ಮನ ಹದಿಮೂರನೆಯ ದಿನ ಕಳೆದ ಮೇಲೆ ಶಾಲೆಯ ಎದುರು ಶ್ರದ್ಧಾಂಜಲಿ ಸಭೆ ನಡೆಯಿತು. ಎಲ್ಲೆಲ್ಲಿಂದಲೋ ಹೆಂಗಸರು ಬಂದಿದ್ದರು. ನನ್ನನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಎಲ್ಲರ ಮಾತು ಮುಗಿಯುವಾಗ ತಿಮ್ಮ ಎದ್ದು ಬಂದು ಮೈಕು ಹಿಡಿದ. ಅದರ ಮುಂದೆ ನಿಂತು ಅಭ್ಯಾಸವಿಲ್ಲದವನು, ತೀರ ಹತ್ತಿರ ಬಾಯಿಟ್ಟ. “ಅಮ್ಮೋರ ಕೈ ಮುರ್ದ ಪಾಪಿ ನಾನು. ನನ್ನ ತಪ್ಪ ಹೊಟ್ಟೆಗೆ ಹಾಕ್ಕಳಿ” ಎಂದು ನೆಲಕ್ಕೆ ಹಣೆ ಹಚ್ಚಿದ. ಇಡೀ ಸಭೆ ನನ್ನನ್ನು ನೋಡಿತು. ನಾನು ಎದ್ದೆ. ಈಗ ಹೇಳುತ್ತೇನೆ ಎಂದೇ ಎದ್ದೆ — ದೇವರಾಣೆ... ಬೇಡ, ಆಣೆ ಬೇಡ. ಅವನನ್ನು ಎಬ್ಬಿಸಿ ಅಪ್ಪಿಕೊಂಡು, ಮೈಕಿನಲ್ಲಿ, “ಹೋಗಲಿ ಬಿಡು ತಿಮ್ಮಾ, ಅಮ್ಮ ನಿನ್ನನ್ನು ಯಾವತ್ತೋ ಕ್ಷಮಿಸಿದ್ದಾಳೆ” ಎಂದೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೈ ಮುರಿದದ್ದಕ್ಕಿಂತ, ಕಿವಿಗೆ ಒದ್ದದ್ದಕ್ಕಿಂತ ಇದು ಹೊಲಸು. ಆಗ ಸಿಟ್ಟಿತ್ತು. ಈಗ ತಲೆ ನೆಟ್ಟಗಿತ್ತು.

ನಿನ್ನೆ ಬೆಳಿಗ್ಗೆ ತಿಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದ. ಕೇಳುವ ಕಿವಿಯ ಕಡೆಗೆ ಕೂತು ಎಲ್ಲವನ್ನೂ ಹೇಳಿದೆ. ಪಾನಾ, ಶೈಲಾ, ಸಂಕ, ಅವನ ಕಿವಿ. ಅವನು ಕತ್ತಿ ಕೆಳಗಿಟ್ಟ.

“ಹಂಗಾರೆ ನಾ ಹೊಡ್ದಿಲ್ಲ?” ಎಂದು ಕೇಳಿದ.

ಇಲ್ಲ ಎಂದೆ.

“ನಾ ಅಲ್ಲ?”

ಅಲ್ಲ ಎಂದೆ. ಮೂರನೆಯ ಸಲವೂ ಅದನ್ನೇ ಕೇಳಿದ. ಹೊಡೆಯುತ್ತಾನೆ ಎಂದು ಕಾದೆ, ಹೊಡೆದರೆ ಸಾಕೆಂದೂ ಇತ್ತು. ಅವನು ಕತ್ತಿಯನ್ನು ಕಾಲಿನಿಂದ ದೂರ ನೂಕಿ, ಎದ್ದು ಬೇಲಿಯ ಹತ್ತಿರ ಹೋಗಿ, ಬೆನ್ನು ಹಾಕಿ ನಿಂತು ಬಹಳ ಹೊತ್ತು ಅತ್ತ. ಹತ್ತಿರ ಹೋಗುವ ಯೋಗ್ಯತೆ ನನಗಿರಲಿಲ್ಲ.

ತಿರುಗಿ ಬಂದು, “ಸಾವಿತ್ರಿಗೆ ಗೊತ್ತಿಲ್ಲ” ಎಂದ.

ಸಾವಿತ್ರಿ ಅವನ ಒಬ್ಬಳೇ ಮಗಳು. ಅವಳನ್ನು ಓದಿಸಿದವಳು ನನ್ನ ಅಮ್ಮ. ಭಾಗೀರಥಮ್ಮನ ಕೈ ಮುರಿದವನು ತನಗೆ ಅಪ್ಪನಲ್ಲ ಎಂದು ಎಕ್ಕಂಬಿಯಲ್ಲೇ ಉಳಿದಳು. ತಾಯಿಯೂ ಅವಳ ಜೊತೆಗೇ ನಿಂತಳು. ಯಲ್ಲಾಪುರದವನನ್ನು ಮದುವೆಯಾದಳು, ಅಪ್ಪನನ್ನು ಕರೆಯಲಿಲ್ಲ. ಧಾರೆಯ ಹೊತ್ತಿಗೆ ಅವನ ಜಾಗದಲ್ಲಿ ಸೋದರಮಾವ ನಿಂತಿದ್ದ. ಇದು ನನಗೆ ಹೇಗೆ ಗೊತ್ತೆಂದರೆ, ನಾನು ಆ ಮದುವೆಯಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದೆ.

“ನಂಗೊಬ್ಬಂಗೆ ಹೇಳಿರೆ ಆಗೂದಿಲ್ಲ ಗಣಪಣ್ಣ” ಎಂದ ತಿಮ್ಮ. “ಯಲ್ಲಾಪುರಕ್ಕೆ ಬಾ. ಅವ್ಳ ಎದ್ರಿಗೆ ಹೇಳು. ನಾ ರಸ್ತೆ ಮೇಲೆ ನಿಂತ್ಕಂತೆ. ಕರದ್ರೆ ಒಳಗ್ ಬತ್ತೆ. ಕರೀದಿದ್ರೆ ಅಲ್ಲಿಂದ್ಲೇ ವಾಪಸ್.”

ಮಂಡಳದವರು ಇದನ್ನು ಅಚ್ಚು ಹಾಕುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ಬೇರೆ ಎರಡು ಪುಟ ನನ್ನಲ್ಲಿಲ್ಲ. ನಾಳೆ ಬೆಳಗಿನ ಬಸ್ಸಿಗೆ ತಿಮ್ಮನೂ ನಾನೂ ಹೊರಡುತ್ತೇವೆ, ಶಿರಸಿಯಲ್ಲಿ ಇಳಿದು ಯಲ್ಲಾಪುರದ ಬಸ್ಸು ಹಿಡಿಯಬೇಕು. ಸಾವಿತ್ರಿ ಬಾಗಿಲಲ್ಲೇ ನನ್ನ ಮುಖಕ್ಕೆ ಉಗಿದರೂ ಪೂರ್ತಿ ಹೇಳಿಯೇ ಬರುವುದು.

ನಿನ್ನೆ ಅವನ ಅಂಗಳದಿಂದ ನಾನು ಹೊರಡಲು ಎದ್ದಾಗ ತಿಮ್ಮ ತಡೆದ. ಸಾವಿತ್ರಿಗೆ ಒಬ್ಬ ಗಂಡುಮಗ ಇದ್ದಾನಂತಲ್ಲ, ನೀನು ನೋಡಿದ್ದೀಯಾ ಎಂದು ಕೇಳಿದ. ನೋಡಿದ್ದೆ. ಅಮ್ಮನಿಗೆ ತೋರಿಸಲೆಂದು ಸಾವಿತ್ರಿ ಅವನನ್ನು ನಮ್ಮನೆಗೆ ಕರೆತಂದಿದ್ದಳು, ಹಳ್ಳದಾಚೆಗೆ ಅವಳು ಹೋಗಲಿಲ್ಲ. ಹೂಂ ಎಂದೆ.

“ಎಷ್ಟ್ ದೊಡ್ಡ ಆಗಾನೆ?” ಎಂದ.

ನಾನು ನೆಲದಿಂದ ಕೈ ಎತ್ತಿ, ಇಷ್ಟು ಎಂದು ತೋರಿಸಿದೆ. ಕೈ ಇಳಿಸಿದ ಮೇಲೂ ತಿಮ್ಮ ಆ ಜಾಗವನ್ನೇ ನೋಡುತ್ತಿದ್ದ.